ಭೂಗತ ಬೆಳ್ಳಿ ನಾಣ್ಯಗಳು ಹಾಗೂ ಲೋಹಶೋಧಕ ಯಂತ್ರಗಳ ಬಳಕೆ: ಬೊಮ್ಮನಹಳ್ಳಿ ಸುತ್ತಮುತ್ತಲ ಸಾರ್ವಜನಿಕರಿಗೆ ಮಾಹಿತಿ

ಬೆಂಗಳೂರು ನಗರ ಜಿಲ್ಲೆಯ ದಕ್ಷಿಣ ಭಾಗದಲ್ಲಿರುವ ಬೊಮ್ಮನಹಳ್ಳಿ, ಬೇಗೂರು, ಹೊಂಗಸಂದ್ರ, ಅರಕೆರೆ, ಹುಳಿಮಾವು ಹಾಗೂ ಅಕ್ಕಪಕ್ಕದ ಬಡಾವಣೆಗಳಲ್ಲಿ ನೆಲದೊಳಗೆ ಹಳೆಯ ಬೆಳ್ಳಿ ನಾಣ್ಯಗಳು ದೊರೆತಲ್ಲಿ ಸಾರ್ವಜನಿಕರು ಅನುಸರಿಸಬೇಕಾದ ಕ್ರಮ ಮತ್ತು ಅದಕ್ಕೆ ಸಂಬಂಧಿಸಿದ ಕಾನೂನಿನ ಸ್ಥಿತಿಯನ್ನು ಈ ಪುಟದಲ್ಲಿ ವಿವರಿಸಲಾಗಿದೆ. ನಿವೇಶನದಲ್ಲಿ ಪಾಯ ತೋಡಿಸುವ ಮಾಲೀಕರು, ಕಟ್ಟಡ ಗುತ್ತಿಗೆದಾರರು, ಕೊಳವೆ ಮತ್ತು ಕೇಬಲ್ ಮಾರ್ಗಗಳಿಗಾಗಿ ನೆಲ ಅಗೆಯುವ ಕೆಲಸಗಾರರು ಹಾಗೂ ಹವ್ಯಾಸಕ್ಕಾಗಿ ಲೋಹಶೋಧಕ ಯಂತ್ರ ಬಳಸುವವರು ಇದನ್ನು ಪೂರ್ಣವಾಗಿ ಓದಿಕೊಳ್ಳುವುದು ಸೂಕ್ತ. ಲೋಹಶೋಧಕ ಯಂತ್ರವು ರೂಢಿಯಲ್ಲಿ ಮೆಟಲ್ ಡಿಟೆಕ್ಟರ್ ಎಂದೇ ಪರಿಚಿತವಾಗಿದೆ.

ಈ ಹವ್ಯಾಸಕ್ಕೆ ಚಳಿಗಾಲವೇ ಅನುಕೂಲವಾದ ಕಾಲವೆಂಬ ಭಾವನೆ ಇದೆ. ಅದಕ್ಕೆ ಕಾರಣವೂ ಇದೆ. ಹಿಂಗಾರು ಮಳೆ ಮುಗಿದು ಮಣ್ಣಿನಲ್ಲಿ ತೇವ ಉಳಿದಿರುತ್ತದೆ. ರಾಗಿ ಕೊಯ್ಲು ಮುಗಿದ ಹೊಲಗಳು ಬರಿದಾಗಿರುತ್ತವೆ. ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ಬೆಳಗಿನ ಹೊತ್ತು ಬಿಸಿಲಿನ ತಾಪವಿಲ್ಲದೆ ಗಂಟೆಗಟ್ಟಲೆ ನಡೆದಾಡಬಹುದು. ವಿದೇಶದಲ್ಲಿರುವ ಬಂಧುಗಳು ರಜೆಗೆಂದು ಊರಿಗೆ ಬರುವಾಗ ಇಂತಹ ಯಂತ್ರವನ್ನು ಉಡುಗೊರೆಯಾಗಿ ತರುವುದೂ ಉಂಟು. ಆದರೆ ಹೊರದೇಶಗಳಲ್ಲಿ ಈ ಹವ್ಯಾಸಕ್ಕೆ ಇರುವ ಕಾನೂನಿನ ಚೌಕಟ್ಟು ಇಲ್ಲಿನದಲ್ಲ. ಯಂತ್ರದ ಜೊತೆ ಬರುವ ಕೈಪಿಡಿಯಲ್ಲಿ ಈ ವಿಷಯವನ್ನು ಹುಡುಕಿದರೆ ಪ್ರಯೋಜನವಾಗದು.

ಬೆಂಗಳೂರಿನ ನೆಲದಲ್ಲಿ ದೊರೆತಿರುವ ಬೆಳ್ಳಿ

ಬೆಂಗಳೂರಿನಲ್ಲಿ ನೆಲದಿಂದ ಹೊರಬಂದ ಬೆಳ್ಳಿ ನಾಣ್ಯಗಳ ಎರಡು ಪ್ರಕರಣಗಳು ಪ್ರಸಿದ್ಧವಾಗಿವೆ. 1891ರಲ್ಲಿ ಯಶವಂತಪುರದಲ್ಲಿ 163 ರೋಮನ್ ಬೆಳ್ಳಿ ನಾಣ್ಯಗಳು ದೊರೆತವು. 1965ರಲ್ಲಿ ಎಚ್.ಎ.ಎಲ್. ವಿಮಾನ ನಿಲ್ದಾಣದ ಸಮೀಪ ಇಂತಹವೇ 256 ನಾಣ್ಯಗಳು ದೊರೆತವು. ಡಿನಾರಿಯಸ್ ಎಂದು ಕರೆಯಲಾಗುವ ಇವು ಅಗಸ್ಟಸ್, ಟೈಬೀರಿಯಸ್ ಮೊದಲಾದ ಚಕ್ರವರ್ತಿಗಳ ಕಾಲದವು, ಎಂದರೆ ಸುಮಾರು ಎರಡು ಸಾವಿರ ವರ್ಷಗಳಷ್ಟು ಹಳೆಯವು. ಕೆಂಪೇಗೌಡರು ಕೋಟೆ ಕಟ್ಟಿದ್ದು ಹದಿನಾರನೆಯ ಶತಮಾನದಲ್ಲಿ. ಅದಕ್ಕೂ ಸುಮಾರು ಒಂದೂವರೆ ಸಾವಿರ ವರ್ಷ ಹಿಂದೆಯೇ ಈ ಪ್ರದೇಶಕ್ಕೆ ಸಮುದ್ರದಾಚೆಯ ವ್ಯಾಪಾರದ ಹಣ ತಲುಪಿತ್ತೆಂದು ಹೇಳಲು ಈ ನಾಣ್ಯಗಳೇ ಆಧಾರ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ 1929ರಲ್ಲಿ ಡಾ. ಎಂ.ಎಚ್. ಕೃಷ್ಣ ಅವರೂ 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಉತ್ಖನನ ನಡೆಸಿದರು. ಅಲ್ಲಿಯೂ ರೋಮನ್ ಬೆಳ್ಳಿ ನಾಣ್ಯಗಳು ಶಾತವಾಹನರ ಕಾಲದ ನಾಣ್ಯಗಳೊಂದಿಗೆ ದೊರೆತಿವೆ.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿ ನೋಡಬಹುದು. ಆ ಕಾಲದ ಒಂದು ಡಿನಾರಿಯಸ್ ನಾಣ್ಯದ ತೂಕ ಸುಮಾರು 3.8 ಗ್ರಾಂ. ಯಶವಂತಪುರದ 163 ನಾಣ್ಯಗಳನ್ನು ಒಟ್ಟಿಗೆ ತಕ್ಕಡಿಗೆ ಹಾಕಿದರೆ ಸುಮಾರು 620 ಗ್ರಾಂ ಬೆಳ್ಳಿಯಾಗುತ್ತದೆ. ಎಚ್.ಎ.ಎಲ್. ಬಳಿ ಸಿಕ್ಕಿದ್ದು ಒಂದು ಕಿಲೋಗೂ ತುಸು ಕಡಿಮೆ. ಎರಡೂ ಸೇರಿದರೆ ಒಂದೂವರೆ ಕಿಲೋಗೆ ಸ್ವಲ್ಪ ಹೆಚ್ಚು. ಕೈಗೆ ಸಿಕ್ಕವರು ಅಂದೇ ಅಕ್ಕಸಾಲಿಗರ ಅಂಗಡಿಗೆ ಕೊಂಡೊಯ್ದು ಕರಗಿಸಿದ್ದರೆ ಒಂದೆರಡು ತಂಬಿಗೆ, ಒಂದು ಆರತಿ ತಟ್ಟೆ, ನಾಲ್ಕು ಲೋಟ ಆಗುತ್ತಿದ್ದವು. ನಗರದ ಚರಿತ್ರೆಯ ಮೊದಲ ಅಧ್ಯಾಯಕ್ಕೆ ಇರುವ ಮುಖ್ಯ ಸಾಕ್ಷ್ಯ ಅಷ್ಟಕ್ಕೇ ಮುಗಿದುಹೋಗುತ್ತಿತ್ತು. ಸಿಕ್ಕ ಸ್ಥಳ, ಸಿಕ್ಕ ಸಂಖ್ಯೆ ಮತ್ತು ಸಿಕ್ಕ ನಾಣ್ಯಗಳು ದಾಖಲೆಗೆ ಸೇರಿದ್ದರಿಂದಲೇ ಇಂದು ಈ ವಿಷಯವನ್ನು ಖಚಿತವಾಗಿ ಹೇಳಲು ಸಾಧ್ಯವಾಗಿದೆ.

ಬೊಮ್ಮನಹಳ್ಳಿಯ ಮಟ್ಟಿಗೆ ಹೇಳುವುದಾದರೆ, ಈ ಭಾಗ ಹೊಸದಾಗಿ ಎದ್ದ ಬಡಾವಣೆಗಳ ಸಾಲಿನಂತೆ ಕಂಡರೂ ನೆಲ ಹೊಸದಲ್ಲ. ಕೆಲವೇ ಕಿಲೋಮೀಟರ್ ದೂರದ ಬೇಗೂರಿನ ದೇವಾಲಯದ ಆವರಣದಲ್ಲಿರುವ ಸುಮಾರು ಕ್ರಿ.ಶ. 890ರ ಗಂಗರ ಕಾಲದ ಶಾಸನದಲ್ಲಿ 'ಬೆಂಗಳೂರು' ಕಾಳಗದ ಉಲ್ಲೇಖವಿದೆ. ನಗರದ ಹೆಸರು ಕಾಣಸಿಗುವ ಅತ್ಯಂತ ಹಳೆಯ ದಾಖಲೆ ಇದೇ ಆಗಿದೆ. ಬೇಗೂರಿನದೇ ಆದ ಮತ್ತೊಂದು ಪ್ರಸಿದ್ಧ ವೀರಗಲ್ಲು ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿದೆ. ಹಳೆಯ ಗ್ರಾಮಠಾಣಾ, ಕೆರೆಯ ಅಂಗಳ, ಗುಂಡುತೋಪು, ಪಾಳುಬಿದ್ದ ಗುಡಿಯ ಸುತ್ತಲಿನ ನೆಲ, ಇವೆಲ್ಲವೂ ಜನರು ತಲೆತಲಾಂತರದಿಂದ ಓಡಾಡಿದ ಸ್ಥಳಗಳು.

ಬೆಳ್ಳಿ ನಾಣ್ಯ ದೊರೆತವರು ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ದಕ್ಷಿಣ ಕರ್ನಾಟಕದಲ್ಲಿ ಗಂಗರ ಕಾಲದಿಂದ ವಿಜಯನಗರದ ಕಾಲದವರೆಗೆ ಚಲಾವಣೆಯಲ್ಲಿ ಪ್ರಧಾನವಾಗಿದ್ದುದು ಚಿನ್ನ ಮತ್ತು ತಾಮ್ರ. ಗದ್ಯಾಣ, ವರಹ, ಹಣ ಇವು ಚಿನ್ನದವು, ಕಾಸು ತಾಮ್ರದ್ದು. ವಿಜಯನಗರದ ತಾರ ಎಂಬ ಪುಟ್ಟ ಬೆಳ್ಳಿ ನಾಣ್ಯವನ್ನು ಬಿಟ್ಟರೆ ನಡುವಿನ ಶತಮಾನಗಳಲ್ಲಿ ಬೆಳ್ಳಿ ವಿರಳ. ಆದಕಾರಣ ಇಲ್ಲಿನ ನೆಲದಲ್ಲಿ ದೊರೆಯುವ ಬೆಳ್ಳಿ ನಾಣ್ಯ ಸಾಮಾನ್ಯವಾಗಿ ಕಾಲದ ಎರಡು ತುದಿಗಳಲ್ಲಿ ಒಂದಕ್ಕೆ ಸೇರಿರುತ್ತದೆ. ಮೊದಲನೆಯದು ಎರಡು ಸಾವಿರ ವರ್ಷಗಳ ಹಿಂದಿನದು. ಸುಮಾರು 3.3 ಗ್ರಾಂ ತೂಗುವ, ಸೂರ್ಯ, ಬೆಟ್ಟ, ಪ್ರಾಣಿ ಮುಂತಾದ ಗುರುತುಗಳನ್ನು ಒಂದೊಂದಾಗಿ ಒತ್ತಿದ, ಅಂಚು ಕತ್ತರಿಸಿದ ತುಂಡು ನಾಣ್ಯಗಳು ಮತ್ತು ಮೇಲೆ ಹೇಳಿದ ರೋಮನ್ ನಾಣ್ಯಗಳು ಈ ಗುಂಪಿನವು. ಎರಡನೆಯದು ಹದಿನೆಂಟನೆಯ ಶತಮಾನದಿಂದ ಈಚಿನದು. ಟಿಪ್ಪು ಸುಲ್ತಾನನ ಕಾಲದ ರೂಪಾಯಿ, ಹೈದರಿ ಎಂಬ ಎರಡು ರೂಪಾಯಿಯ ದಪ್ಪ ನಾಣ್ಯ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ನಾಣ್ಯಗಳು, ನಂತರದ ಕಂಪನಿ ಮತ್ತು ಬ್ರಿಟಿಷ್ ರೂಪಾಯಿಗಳು ಇದರಲ್ಲಿ ಬರುತ್ತವೆ. 1835ರ ನಂತರದ ರೂಪಾಯಿ 11.66 ಗ್ರಾಂ ತೂಗುತ್ತದೆ. ಅಕ್ಷರ ಓದಲು ಬಾರದಿದ್ದರೂ ತೂಕ ಮತ್ತು ದಪ್ಪದಿಂದಲೇ ಯಾವ ತುದಿಯ ನಾಣ್ಯವೆಂದು ಬಹುಮಟ್ಟಿಗೆ ಊಹಿಸಬಹುದು.

ಯಂತ್ರ, ಚಳಿ ಮತ್ತು ಕೆಂಪು ಮಣ್ಣು

ಮೆಟ್ರೊ ನಿಲ್ದಾಣದ ಬಾಗಿಲಲ್ಲಿ ಪ್ರತಿನಿತ್ಯ ದಾಟುವ ಚೌಕಟ್ಟು ಮತ್ತು ಹೊಲದಲ್ಲಿ ಬಳಸುವ ಕೋಲಿನ ಯಂತ್ರ, ಎರಡರ ಮೂಲ ತತ್ವ ಒಂದೇ. ತಂತಿಯ ಸುರುಳಿಯಲ್ಲಿ ಹರಿಯುವ ವಿದ್ಯುತ್ತು ಬದಲಾಗುತ್ತಿರುವ ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ. ಆ ಕ್ಷೇತ್ರದೊಳಗೆ ಲೋಹವಿದ್ದರೆ ಅದರಲ್ಲಿ ಸುಳಿ ಪ್ರವಾಹ ಹುಟ್ಟಿ, ಮರುಕ್ಷೇತ್ರವಾಗಿ ಯಂತ್ರಕ್ಕೆ ತಿಳಿಯುತ್ತದೆ. ಲೋಹಗಳ ಪೈಕಿ ಅತ್ಯಧಿಕ ವಿದ್ಯುದ್ವಾಹಕ ಬೆಳ್ಳಿಯೇ ಆದ್ದರಿಂದ ಬೆಳ್ಳಿ ನಾಣ್ಯ ಸ್ಪಷ್ಟವಾದ ಎತ್ತರದ ಸದ್ದು ಕೊಡುತ್ತದೆ. ಆದರೆ ತಾಮ್ರವೂ ಹೆಚ್ಚು ಕಡಿಮೆ ಅದೇ ಸದ್ದನ್ನು ಕೊಡುತ್ತದೆ ಎಂಬುದನ್ನು ಮರೆಯಬಾರದು. ಕಟ್ಟಡದ ವಿದ್ಯುತ್ ತಂತಿಯ ತುಂಡಿಗೆ ಮೋಸಹೋಗಿ ಗಂಟೆಗಟ್ಟಲೆ ಅಗೆಯಬೇಕಾದೀತು.

ಶೀತದೇಶಗಳಲ್ಲಿ ಚಳಿಗಾಲದ ಮುಖ್ಯ ತೊಡಕು ನೆಲವೇ ಹೆಪ್ಪುಗಟ್ಟುವುದು. ಬೆಂಗಳೂರಿನಲ್ಲಿ ಆ ಪ್ರಶ್ನೆಯೇ ಇಲ್ಲ. ಇಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್, ಅದೂ 1884ರ ಜನವರಿ 13ರಂದು. ಜನವರಿಯ ಸಾಮಾನ್ಯ ಕನಿಷ್ಠ ಉಷ್ಣಾಂಶ 15ರಿಂದ 16 ಡಿಗ್ರಿ. ಇಲ್ಲಿ ಚಳಿಗಾಲದ ಪರಿಣಾಮವೆಂದರೆ ತೇವ ಮಾತ್ರ. ಒದ್ದೆ ಮಣ್ಣಿನಲ್ಲಿ ಸಂಕೇತ ಕೆಲವೊಮ್ಮೆ ಚೆನ್ನಾಗಿ ಕೇಳಿಸುತ್ತದೆ. ಆದರೆ ಈ ಭಾಗದ ಕೆಂಪು ಮಣ್ಣಿಗೆ ಆ ಬಣ್ಣ ಬಂದಿರುವುದು ಕಬ್ಬಿಣದ ಆಕ್ಸೈಡಿನಿಂದ. ಯಂತ್ರವನ್ನು ಆಯಾ ನೆಲಕ್ಕೆ ಹೊಂದಿಸದಿದ್ದಲ್ಲಿ ಮಣ್ಣೇ ಸುಳ್ಳು ಸದ್ದು ಮಾಡುತ್ತದೆ. ಅದರ ಮೇಲೆ ಬಡಾವಣೆಗಳ ನೆಲದಲ್ಲಿ ಮೊಳೆ, ಕಬ್ಬಿಣದ ಸರಳಿನ ತುಂಡು, ಬಾಟಲಿ ಮುಚ್ಚಳ, ಔಷಧಿ ಗುಳಿಗೆಯ ಹಾಳೆ ಇತ್ಯಾದಿ ಹೇರಳವಾಗಿರುತ್ತವೆ.

ಸಾಧಾರಣ ಯಂತ್ರಕ್ಕೆ ಒಂಟಿ ನಾಣ್ಯ ಗೋಚರವಾಗುವುದು ಸುಮಾರು ಒಂದು ಗೇಣಿನ ಆಳದವರೆಗೆ ಮಾತ್ರ. ಪುರಾತನ ಕಾಲದ ಗಡಿಗೆಗಳನ್ನು ಹೂಳಿದವರು ಅದಕ್ಕಿಂತ ಆಳಕ್ಕೆ ಹೂಳಿರುವುದೇ ಹೆಚ್ಚು. ನೂರಾರು ವರ್ಷ ಮಣ್ಣು ಸೇರಿ ಅವು ಇನ್ನಷ್ಟು ಕೆಳಗೆ ಹೋಗಿರುತ್ತವೆ. ಆದ್ದರಿಂದ ನಾಣ್ಯದ ನಿಕ್ಷೇಪ ಎದುರಾಗುವ ಸಾಧ್ಯತೆ ಯಂತ್ರ ಹಿಡಿದು ಅಲೆಯುವವರಿಗಿಂತ ಪಾಯ ತೋಡುವವರಿಗೇ ಹೆಚ್ಚು. ಈ ಪುಟದ ಮುಂದಿನ ಭಾಗವನ್ನು ಓದುವಾಗ ಇದನ್ನು ನೆನಪಿನಲ್ಲಿಡುವುದು.

ಕಾನೂನಿನ ಸ್ಥಿತಿ

ಲೋಹಶೋಧಕ ಯಂತ್ರವನ್ನು ಹೊಂದಿರುವುದೇ ಅಪರಾಧವಲ್ಲ. ಸ್ವಂತ ನಿವೇಶನದಲ್ಲಿ ಕಳೆದುಹೋದ ಉಂಗುರವನ್ನೋ ಕಾಲುಗೆಜ್ಜೆಯನ್ನೋ, ಹೂತುಹೋದ ನೀರಿನ ಕೊಳವೆಯನ್ನೋ ಹುಡುಕಲು ಅದನ್ನು ಬಳಸುವುದಕ್ಕೆ ಅಡ್ಡಿಯಿಲ್ಲ. ಪ್ರಶ್ನೆ ಏಳುವುದು ಹುಡುಕಾಟದ ಉದ್ದೇಶ, ಸ್ಥಳ ಮತ್ತು ಸಿಕ್ಕ ವಸ್ತುವಿನ ವಿಷಯದಲ್ಲಿ.

ನೆಲದಲ್ಲಿ ಅಡಗಿರುವ ಬೆಲೆಯುಳ್ಳ ವಸ್ತುವಿನ ಬಗ್ಗೆ ದೇಶದಲ್ಲಿ 1878ರ ಭಾರತೀಯ ನಿಧಿ ನಿಕ್ಷೇಪ ಕಾಯ್ದೆ ಇದೆ. ಕರ್ನಾಟಕಕ್ಕೆ 1962ರ ಪ್ರತ್ಯೇಕ ಅಧಿನಿಯಮವಿದೆ. ಟ್ರೆಷರ್ ಟ್ರೋವ್ ಕಾಯ್ದೆ ಎಂಬ ಹೆಸರಿನಿಂದಲೇ ಇದು ಕಚೇರಿಗಳಲ್ಲಿ ಹೆಚ್ಚು ಪರಿಚಿತ. ಇದರ ತಿರುಳು ಸರಳವಾಗಿದೆ: ನಿಧಿ ಕಂಡವರು ಜಿಲ್ಲಾಧಿಕಾರಿಗಳಿಗೆ ತಿಳಿಸತಕ್ಕದ್ದು, ಹಕ್ಕಿನ ಪ್ರಶ್ನೆಯನ್ನು ಜಿಲ್ಲಾಧಿಕಾರಿಗಳು ವಿಚಾರಣೆ ನಡೆಸಿ ನಿರ್ಣಯಿಸತಕ್ಕದ್ದು. ತನ್ನ ಜಮೀನಿನಲ್ಲಿ ಸಿಕ್ಕಿದ್ದರಿಂದ ತನಗೇ ಸೇರಿದ್ದೆಂಬ ವಾದ ಸಾಮಾನ್ಯವಾಗಿ ಕೇಳಿಬರುತ್ತದೆ. ಕಾಯ್ದೆ ಅದನ್ನು ಹಾಗೆ ಒಪ್ಪುವುದಿಲ್ಲ. ಸಿಕ್ಕಿದ್ದೆಲ್ಲವನ್ನೂ ಸರ್ಕಾರ ಸುಮ್ಮನೆ ಕಿತ್ತುಕೊಳ್ಳುತ್ತದೆ ಎಂಬ ಭಯವೂ ಅಷ್ಟೇ ತಪ್ಪು. 1878ರ ಮೂಲ ಕಾಯ್ದೆಯ ಏರ್ಪಾಡನ್ನೇ ನೋಡಬಹುದು. ಮೊದಲಿಗೆ ಹಕ್ಕುದಾರರನ್ನು ಪ್ರಕಟಣೆಯ ಮೂಲಕ ಕರೆಯಲಾಗುತ್ತದೆ. ವಿಚಾರಣೆಗೆ ನಿಗದಿಪಡಿಸುವ ದಿನ ಪ್ರಕಟಣೆಯಾದ ನಾಲ್ಕು ತಿಂಗಳಿಗೆ ಮೊದಲು ಇರಬಾರದು, ಆರು ತಿಂಗಳು ಮೀರಲೂ ಬಾರದು. ವಾರಸುದಾರರಿಲ್ಲವೆಂದು ಘೋಷಣೆಯಾದ ಬಳಿಕ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಕಂಡವರಿಗೆ ನಾಲ್ಕರಲ್ಲಿ ಮೂರು ಪಾಲು ಮತ್ತು ಸ್ಥಳದ ಮಾಲೀಕರಿಗೆ ಒಂದು ಪಾಲು ಎಂದು ಆ ಕಾಯ್ದೆ ಹೇಳಿತು. ಸರ್ಕಾರ ತಾನೇ ಇಟ್ಟುಕೊಳ್ಳಬೇಕೆಂದಿದ್ದರೆ ಲೋಹದ ಬೆಲೆಯ ಮೇಲೆ ಅದರ ಐದನೇ ಒಂದು ಭಾಗವನ್ನು ಸೇರಿಸಿ ಕೊಡಬೇಕೆಂದೂ ಹೇಳಿತು. ತಿಳಿಸದೆ ಮುಚ್ಚಿಟ್ಟವರಿಗೆ ಪಾಲು ತಪ್ಪುವುದಲ್ಲದೆ ಒಂದು ವರ್ಷದವರೆಗಿನ ಸೆರೆವಾಸವೂ ಆಗಬಹುದಿತ್ತು. ಕರ್ನಾಟಕದಲ್ಲಿ ಸದ್ಯ ಪಾಲು ಮತ್ತು ಪರಿಹಾರದ ನಿರ್ಣಯ ರಾಜ್ಯದ ಅಧಿನಿಯಮದಂತೆ ಜಿಲ್ಲಾಧಿಕಾರಿಗಳಿಂದಲೇ ಆಗತಕ್ಕದ್ದು.

ಸ್ಮಾರಕಗಳ ವಿಷಯ ಬೇರೆಯೇ ಇದೆ. 1958ರ ಕೇಂದ್ರ ಅಧಿನಿಯಮದನ್ವಯ ಸಂರಕ್ಷಿತ ಪ್ರದೇಶದಲ್ಲಿ ಅನುಮತಿಯಿಲ್ಲದೆ ಅಗೆಯುವಂತಿಲ್ಲ. 2010ರ ತಿದ್ದುಪಡಿಯಂತೆ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ರಾಜ್ಯ ಸಂರಕ್ಷಿತ ಸ್ಮಾರಕಗಳಿಗೆ 1961ರ ಕರ್ನಾಟಕದ ಅಧಿನಿಯಮ ಅನ್ವಯಿಸುತ್ತದೆ. ಸಂರಕ್ಷಿತವಲ್ಲದ ನೆಲದಲ್ಲಿಯೂ ಪುರಾತತ್ವದ ಉದ್ದೇಶದ ಉತ್ಖನನಕ್ಕೆ ರಾಜ್ಯ ಸರ್ಕಾರವೇ ಕೇಂದ್ರ ಸರ್ಕಾರದ ಪೂರ್ವಾನುಮೋದನೆ ಪಡೆಯಬೇಕಾಗುತ್ತದೆ. ಆದಕಾರಣ 'ನಿಧಿ ಶೋಧಕ್ಕೆ ಪರವಾನಗಿ' ಎಂಬುದಾಗಿ ಖಾಸಗಿ ವ್ಯಕ್ತಿಗಳು ಅರ್ಜಿ ಸಲ್ಲಿಸಿದರೆ ಫಲವಿಲ್ಲ. ಅಂತಹ ಪರವಾನಗಿ ಕೊಡಿಸುವುದಾಗಿ ಹಣ ಕೇಳುವವರನ್ನು ನಂಬಬಾರದು. ಕೆರೆ, ಗೋಮಾಳ, ಉದ್ಯಾನ, ರಸ್ತೆ ಅಂಚು ಇತ್ಯಾದಿಗಳು ಸರ್ಕಾರಕ್ಕೆ ಅಥವಾ ಸ್ಥಳೀಯ ಸಂಸ್ಥೆಗೆ ಸೇರಿದ ಸ್ವತ್ತುಗಳಾದ್ದರಿಂದ ಅಲ್ಲಿ ಯಾರೂ ತಾವಾಗಿಯೇ ಗುಂಡಿ ತೋಡುವಂತಿಲ್ಲ. ಖಾಸಗಿ ಹೊಲಕ್ಕೆ ಮಾಲೀಕರ ಒಪ್ಪಿಗೆಯಿಲ್ಲದೆ ಪ್ರವೇಶಿಸುವುದು ಅತಿಕ್ರಮ ಪ್ರವೇಶವಾಗುತ್ತದೆ, ಬೆಳೆ ಇಲ್ಲದ ಕಾಲದಲ್ಲಿಯೂ ಸಹ.

ನಾಣ್ಯ ಕಂಡಾಗ ಅನುಸರಿಸಬೇಕಾದ ಕ್ರಮ

ಅಗೆತವನ್ನು ಕೂಡಲೇ ನಿಲ್ಲಿಸುವುದು. ಉಳಿದದ್ದೆಲ್ಲವೂ ಇದರ ನಂತರ. ಇಂಗ್ಲೆಂಡಿನ ಸಫೊಕ್ ಪ್ರಾಂತ್ಯದ ಹಾಕ್ಸ್‌ನ್ ಗ್ರಾಮದ ಪ್ರಕರಣ ಇದಕ್ಕೆ ಒಳ್ಳೆಯ ಉದಾಹರಣೆ. 1992ರ ನವೆಂಬರ್ 16ರಂದು ಒಬ್ಬರು ಹೊಲದಲ್ಲಿ ಕಳೆದುಹೋದ ಸುತ್ತಿಗೆಯನ್ನು ಲೋಹಶೋಧಕದಿಂದ ಹುಡುಕುತ್ತಿದ್ದಾಗ ರೋಮನ್ ಕಾಲದ ನಾಣ್ಯಗಳು ಕಂಡವು. ಸ್ವಲ್ಪ ಅಗೆದು, ಇದು ದೊಡ್ಡ ನಿಕ್ಷೇಪವೆಂದು ತಿಳಿದೊಡನೆ ಅವರು ನಿಲ್ಲಿಸಿ ಅಧಿಕಾರಿಗಳಿಗೆ ತಿಳಿಸಿದರು. ಪುರಾತತ್ವಜ್ಞರು ಬಂದು ಕ್ರಮವಾಗಿ ತೆಗೆದಾಗ 14,000ಕ್ಕೂ ಹೆಚ್ಚು ಬೆಳ್ಳಿ ನಾಣ್ಯಗಳು, ಚಿನ್ನದ ನಾಣ್ಯಗಳು, ಒಡವೆಗಳು ಮತ್ತು ಬೆಳ್ಳಿ ಚಮಚಗಳು ದೊರೆತವು. ವಸ್ತುಗಳನ್ನು ಮರದ ಪೆಟ್ಟಿಗೆಯೊಳಗೆ ಹೇಗೆ ಜೋಡಿಸಿಟ್ಟಿದ್ದರೆಂಬುದೂ ತಿಳಿಯಿತು. ಸಲಿಕೆಯಿಂದ ಬಾಚಿ ಚೀಲಕ್ಕೆ ತುಂಬಿದ್ದರೆ ಪೆಟ್ಟಿಗೆ ಇತ್ತೆಂಬುದೇ ಗೊತ್ತಾಗುತ್ತಿರಲಿಲ್ಲ. ಕಂಡವರಿಗೆ 17.5 ಲಕ್ಷ ಪೌಂಡ್ ಬಹುಮಾನ ಸಂದಿತು. ಸುತ್ತಿಗೆಯೂ ಸಿಕ್ಕಿತು, ಅದು ಸಹ ಇಂದು ಬ್ರಿಟಿಷ್ ಮ್ಯೂಸಿಯಂನ ಸಂಗ್ರಹದಲ್ಲಿದೆ.

ಸ್ಥಳದಲ್ಲಿ ಕೆಲಸಗಾರರಿದ್ದಲ್ಲಿ ಅವರನ್ನು ಬದಿಗೆ ಸರಿಸಿ, ಹಳ್ಳದ ಮೇಲೆ ತಾರ್ಪಾಲು ಹೊದಿಸಿ, ಒಬ್ಬರನ್ನು ಕಾವಲಿಗೆ ಇಡುವುದು. ಆಗಲೇ ಹೊರಬಂದ ನಾಣ್ಯಗಳನ್ನು ಎಣಿಸಿ, ಅವು ಇದ್ದ ಗಡಿಗೆಯ ಚೂರುಗಳನ್ನೂ ಅಂಟಿದ ಮಣ್ಣನ್ನೂ ಬಿಸಾಡದೆ ಒಟ್ಟಿಗೆ ಇಡುವುದು. ಗಡಿಗೆಯ ಚೂರಿಗೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ, ಆದರೆ ಕಾಲ ನಿರ್ಣಯಿಸಲು ನಾಣ್ಯದಷ್ಟೇ ಅದೂ ಬೇಕು. ಅಲುಗಿಸುವ ಮೊದಲು ಮೊಬೈಲಿನಲ್ಲಿ ಛಾಯಾಚಿತ್ರ ತೆಗೆಯುವುದು, ಪಕ್ಕದಲ್ಲಿ ಅಳತೆ ಪಟ್ಟಿ ಇದ್ದರೆ ಉತ್ತಮ. ನೆಲದ ಮಟ್ಟದಿಂದ ಎಷ್ಟು ಅಡಿ ಕೆಳಗೆ ಸಿಕ್ಕಿತೆಂದು ಬರೆದಿಡುವುದು.

ನಾಣ್ಯವನ್ನು ಯಾವುದೇ ಕಾರಣಕ್ಕೂ ತೊಳೆಯಬಾರದು, ಉಜ್ಜಬಾರದು. ಮನೆಯ ಬೆಳ್ಳಿ ಸಾಮಾನನ್ನು ಹುಣಸೆಹಣ್ಣು, ವಿಭೂತಿ ಹಾಕಿ ಬೆಳಗುವ ಅಭ್ಯಾಸದಿಂದ ಮೊದಲಿಗೆ ಮಾಡುವ ಕೆಲಸವೇ ಇದು. ನೆಲದಲ್ಲಿದ್ದ ಬೆಳ್ಳಿಯ ಮೇಲ್ಮೈ ಮಣ್ಣಿನ ಲವಣಗಳೊಂದಿಗೆ ಸೇರಿ ಪದರವಾಗಿರುತ್ತದೆ. ಅನೇಕ ವೇಳೆ ಮುಖ, ಅಕ್ಷರಗಳ ಅಚ್ಚು ಉಳಿದಿರುವುದು ಆ ಪದರದಲ್ಲಿಯೇ. ಉಜ್ಜಿದರೆ ಹೊಳೆಯುವ ಬಿಲ್ಲೆ ಉಳಿಯುತ್ತದೆ, ನಾಣ್ಯ ಹೋಗಿಬಿಡುತ್ತದೆ. ಹುಣಸೆ ಹುಳಿಯಿಂದ ಆದ ನಷ್ಟವನ್ನು ಯಾವ ಪ್ರಯೋಗಾಲಯವೂ ಸರಿಪಡಿಸಲಾರದು.

ನಂತರ ಬಿಳಿ ಹಾಳೆಯ ಮೇಲೆ ಜಿಲ್ಲಾಧಿಕಾರಿಗಳು, ಬೆಂಗಳೂರು ನಗರ ಜಿಲ್ಲೆ, ಇವರಿಗೆ ಲಿಖಿತ ಮಾಹಿತಿ ಸಲ್ಲಿಸತಕ್ಕದ್ದು. ಕಂಡವರ ಹೆಸರು, ವಿಳಾಸ, ಕಂಡ ದಿನಾಂಕ ಮತ್ತು ಸಮಯ, ಸರ್ವೆ ನಂಬರು ಅಥವಾ ನಿವೇಶನ ಸಂಖ್ಯೆ, ಸ್ಥಳದ ಮಾಲೀಕರ ವಿವರ, ವಸ್ತುಗಳ ಸ್ವರೂಪ, ಸಂಖ್ಯೆ, ಅಂದಾಜು ತೂಕ, ಸದ್ಯ ಅವು ಯಾರ ವಶದಲ್ಲಿವೆ ಎಂಬುದನ್ನು ಅದರಲ್ಲಿ ಕಾಣಿಸಬೇಕು. ಸಂಖ್ಯೆ ಖಚಿತವಿಲ್ಲದಿದ್ದರೆ ಹಾಗೆಂದೇ ಬರೆಯುವುದು ಲೇಸು. ನಂತರ ಎಣಿಕೆ ಹೊಂದದಿದ್ದಾಗ ಸಂಶಯಕ್ಕೆ ಗುರಿಯಾಗುವುದು ತಪ್ಪುತ್ತದೆ. ಪತ್ರಕ್ಕೆ ದಿನಾಂಕ ಸಹಿತ ಸ್ವೀಕೃತಿ ಪಡೆದು ಇಟ್ಟುಕೊಳ್ಳಬೇಕು. ಕಚೇರಿಗೆ ರಜೆಯಿದ್ದಲ್ಲಿ ಅಥವಾ ಜನ ಸೇರಿ ಕಾವಲು ಕಷ್ಟವಾದಲ್ಲಿ ಸಮೀಪದ ಪೊಲೀಸ್ ಠಾಣೆಗೆ ಅಥವಾ 112 ಸಂಖ್ಯೆಗೆ ತಿಳಿಸಿ, ಸ್ಥಳದಲ್ಲಿಯೇ ಪಂಚನಾಮೆ ಮಾಡಿಸಿಕೊಳ್ಳುವುದು. ಪಂಚನಾಮೆಯಲ್ಲಿ ನಾಣ್ಯಗಳ ಸಂಖ್ಯೆಯನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಸಿ, ಅದರ ಪ್ರತಿಯನ್ನು ಕೇಳಿ ಪಡೆಯುವುದು. ಮುಂದೆ ಪಾಲಿನ ಪ್ರಶ್ನೆ ಬಂದಾಗ ಕಂಡವರ ಕೈಯಲ್ಲಿರುವ ಆಧಾರ ಇವೆರಡೇ.

ಕೂಲಿ ಕೆಲಸಗಾರರು ಕಂಡ ನಾಣ್ಯವನ್ನು ಗುತ್ತಿಗೆದಾರರೋ ಮಾಲೀಕರೋ ತಮ್ಮ ಹೆಸರಿನಲ್ಲಿ ತಿಳಿಸುವ ಪ್ರಸಂಗ ಬರಬಹುದು. ಕಾಯ್ದೆಯ ದೃಷ್ಟಿಯಲ್ಲಿ ಕಂಡವರು ಎಂದರೆ ಯಾರ ಗುದ್ದಲಿಗೆ ತಗುಲಿತೋ ಅವರು. ಹೊರ ಜಿಲ್ಲೆಗಳಿಂದ, ಹೊರ ರಾಜ್ಯಗಳಿಂದ ಬಂದ ಕೆಲಸಗಾರರ ಹೆಸರನ್ನು ಪತ್ರದಲ್ಲಿಯೂ ಪಂಚನಾಮೆಯಲ್ಲಿಯೂ ತಪ್ಪದೆ ನಮೂದಿಸಬೇಕು. ಪಾಲು ಹಂಚಿಕೆಗೆ ತಿಂಗಳುಗಳೇ ಹಿಡಿಯುವುದರಿಂದ ಅವರ ಖಾಯಂ ವಿಳಾಸವೂ ಅಗತ್ಯ.

ಮಣ್ಣು ಎಲ್ಲಿಯದೆಂಬ ಪ್ರಶ್ನೆ

ಬೊಮ್ಮನಹಳ್ಳಿ ಭಾಗಕ್ಕೆ ವಿಶೇಷವಾದ ಒಂದು ತೊಡಕನ್ನು ಇಲ್ಲಿ ಹೇಳಬೇಕಾಗಿದೆ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರುವ ಮೊದಲು ಬೊಮ್ಮನಹಳ್ಳಿ ಪ್ರತ್ಯೇಕ ನಗರಸಭೆಯಾಗಿತ್ತು. ಆ ಮೊದಲೂ ನಂತರವೂ ಇಲ್ಲಿನ ತಗ್ಗು ಜಮೀನುಗಳಿಗೆ ಹೊರಗಿನ ಮಣ್ಣು ತುಂಬಿ ನಿವೇಶನ ಮಾಡಿದ್ದುಂಟು. ಕೆರೆಯ ಹೂಳು, ಬೇರೆ ಕಟ್ಟಡದ ನೆಲಮಾಳಿಗೆಯ ಮಣ್ಣು, ಕೆಡವಿದ ಮನೆಯ ಅವಶೇಷ ಹೀಗೆ ಏನಾದರೂ ಇರಬಹುದು. ಅಂತಹ ಭರ್ತಿ ಮಣ್ಣಿನಲ್ಲಿ ನಾಣ್ಯ ಸಿಕ್ಕಿದರೆ ಅದು ಆ ಜಾಗದ ಇತಿಹಾಸವನ್ನು ಹೇಳುವುದಿಲ್ಲ. ಮಣ್ಣು ಬಂದ ಜಾಗದ ಇತಿಹಾಸವನ್ನು ಹೇಳುತ್ತದೆ. ಆದಕಾರಣ ಮಣ್ಣು ಎಲ್ಲಿಂದ ಯಾವ ವರ್ಷ ಬಂತು, ತಂದ ಲಾರಿಯವರು ಯಾರು ಎಂಬುದು ಗೊತ್ತಿದ್ದಲ್ಲಿ ಪತ್ರದಲ್ಲಿ ತಿಳಿಸುವುದು ಬಹಳ ಉಪಯುಕ್ತ. ಕೆಂಪು ಗಟ್ಟಿ ನೆಲ ಬರುವ ಮೊದಲು ಸಿಕ್ಕಿತೋ, ಅದನ್ನು ಅಗೆದ ಮೇಲೆ ಸಿಕ್ಕಿತೋ ಎಂಬ ಒಂದು ವಾಕ್ಯವೇ ಪರಿಶೀಲನೆಗೆ ಬರುವ ಅಧಿಕಾರಿಗೆ ಅರ್ಧ ಕೆಲಸ ಮುಗಿಸಿಕೊಡುತ್ತದೆ.

ಮನೆಯಲ್ಲಿರುವ ಹಳೆಯ ರೂಪಾಯಿ

ಅಜ್ಜಿಯ ಪೆಟ್ಟಿಗೆಯಲ್ಲಿ, ದೇವರ ಮನೆಯಲ್ಲಿ, ಲಕ್ಷ್ಮೀ ಪೂಜೆಯ ಕಲಶದಲ್ಲಿ ಇರುವ ರಾಣಿ ಛಾಪಿನ, ರಾಜ ಛಾಪಿನ ರೂಪಾಯಿಗಳು ನಿಧಿ ಅಲ್ಲ, ಅವುಗಳ ಬಗ್ಗೆ ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕಾಗಿಲ್ಲ. ಆದರೆ 1972ರ ಪುರಾತನ ವಸ್ತುಗಳ ಮತ್ತು ಕಲಾ ನಿಧಿಗಳ ಅಧಿನಿಯಮದಂತೆ ನೂರು ವರ್ಷ ತುಂಬಿದ ನಾಣ್ಯ ಪುರಾತನ ವಸ್ತು. ಈ ಲೆಕ್ಕದಲ್ಲಿ ಏಳನೇ ಎಡ್ವರ್ಡ್ ರೂಪಾಯಿಗಳೆಲ್ಲವೂ, ಐದನೇ ಜಾರ್ಜ್ ಕಾಲದ 1922ರವರೆಗಿನ ರೂಪಾಯಿಗಳೂ ಈಗ ಈ ವ್ಯಾಖ್ಯೆಯೊಳಗೆ ಬಂದಿವೆ. ಮನೆಯಲ್ಲಿ ಇಟ್ಟುಕೊಳ್ಳುವುದಕ್ಕೆ ತೊಂದರೆಯಿಲ್ಲ. ಮಾರಾಟದ ವ್ಯಾಪಾರಕ್ಕೆ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಪರವಾನಗಿ ಬೇಕು. ಖಾಸಗಿ ವ್ಯಕ್ತಿಗಳು ಇವನ್ನು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ವಿದೇಶದಲ್ಲಿರುವ ಮಕ್ಕಳಿಗೆ ಹಬ್ಬದ ಕಾಣಿಕೆಯೆಂದು ಸೂಟ್‌ಕೇಸಿನಲ್ಲಿ ಹಾಕಿ ಕಳುಹಿಸಿದರೂ ಅದು ರಫ್ತೇ ಆಗುತ್ತದೆ. ವಿಮಾನ ನಿಲ್ದಾಣದಲ್ಲಿ ತಡೆದರೆ ಪಯಣ ಕೆಡುವುದಲ್ಲದೆ ಮೊಕದ್ದಮೆಯೂ ಆಗಬಹುದು. ವಸ್ತು ಪುರಾತನವಲ್ಲವೆಂದು ಅನಿಸಿದಲ್ಲಿ ಪುರಾತತ್ವ ಸರ್ವೇಕ್ಷಣೆಯ ತಜ್ಞರಿಂದ ಆ ಕುರಿತ ಪ್ರಮಾಣಪತ್ರವನ್ನು ಮುಂಚಿತವಾಗಿಯೇ ಪಡೆಯುವುದು.

1940ರಿಂದ ರೂಪಾಯಿಯಲ್ಲಿ ಬೆಳ್ಳಿಯ ಅಂಶ ಅರ್ಧಕ್ಕೆ ಇಳಿಯಿತು, 1947ರ ರೂಪಾಯಿ ನಿಕ್ಕಲ್ಲಿನದು. ಹಳೆಯದೆಲ್ಲವೂ ಬೆಳ್ಳಿಯೆಂದು ಭಾವಿಸಿ ಬೆಲೆ ಕಟ್ಟುವವರಿಗೆ ಈ ಮಾತು.

ನಿಧಿಯ ಹೆಸರಿನಲ್ಲಿ ವಂಚನೆ ಮತ್ತು ಹಾನಿ

ಪಾಯ ತೋಡುವಾಗ ನಾಣ್ಯಗಳು ಸಿಕ್ಕಿವೆ, ಗುಟ್ಟಾಗಿ ಕಡಿಮೆ ಬೆಲೆಗೆ ಕೊಡುತ್ತೇವೆ ಎಂದು ನಂಬಿಸಿ, ಮೊದಲು ಒಂದೆರಡು ನಿಜವಾದ ನಾಣ್ಯ ತೋರಿಸಿ, ನಂತರ ನಕಲಿಯನ್ನು ಮಾರುವುದು ಹಳೆಯ ವಂಚನೆ. ಇದರಲ್ಲಿ ಕೊಳ್ಳುವವರು ಎರಡೂ ಕಡೆ ಸಿಕ್ಕಿಬೀಳುತ್ತಾರೆ. ನಾಣ್ಯ ನಕಲಿಯಾದರೆ ಹಣ ಹೋಯಿತು, ಅಸಲಿಯಾದರೆ ಮುಚ್ಚಿಟ್ಟ ನಿಧಿಯನ್ನು ಕೊಂಡ ಆರೋಪ ಬಂತು. ಮೋಸ ಹೋದವರು ಸಂಕೋಚದಿಂದ ದೂರು ನೀಡದಿರುವುದೇ ವಂಚಕರಿಗೆ ಅನುಕೂಲವಾಗಿದೆ.

ಮತ್ತೊಂದು ಬಗೆಯದು ಗುಡಿ, ಸಮಾಧಿ, ವೀರಗಲ್ಲುಗಳ ಕೆಳಗೆ ನಿಧಿಯಿದೆಯೆಂದು ಕೆಡವುವುದು. 2019ರ ಜುಲೈ ತಿಂಗಳಲ್ಲಿ ಆನೆಗೊಂದಿಯ ನವವೃಂದಾವನದಲ್ಲಿ ಶ್ರೀ ವ್ಯಾಸರಾಜರ ವೃಂದಾವನವನ್ನು ನಿಧಿಗಳ್ಳರು ಒಡೆದುಹಾಕಿದ ಘಟನೆ ನಾಡಿನ ಜನರಿಗೆ ನೆನಪಿದೆ. ವೀರಗಲ್ಲಿನ ಕೆಳಗೆ ಹಣ ಹೂಳುವ ಪದ್ಧತಿಯೇ ಇರಲಿಲ್ಲ. ಊರಿಗಾಗಿ, ದನಗಳಿಗಾಗಿ ಮಡಿದವರ ನೆನಪಿಗೆ ನಿಲ್ಲಿಸಿದ ಕಲ್ಲು ಅದು. ನಿಧಿ ಶೋಧದ ಹೆಸರಿನಲ್ಲಿ ನಡೆಸುವ ಅಮಾನುಷ ಆಚರಣೆ ಮತ್ತು ವಾಮಾಚಾರಗಳು 2017ರ ಕರ್ನಾಟಕದ ಅಧಿನಿಯಮದಂತೆ ಪ್ರತ್ಯೇಕವಾಗಿ ಶಿಕ್ಷಾರ್ಹ. ರಾತ್ರಿ ವೇಳೆ ಹಳೆಯ ಗುಡಿ ಅಥವಾ ಶಾಸನದ ಬಳಿ ಯಂತ್ರ, ಗುದ್ದಲಿಗಳೊಂದಿಗೆ ಸುಳಿದಾಡುವವರು ಕಂಡಲ್ಲಿ ತಾವೇ ಎದುರಿಸಲು ಹೋಗದೆ 112ಕ್ಕೆ ತಿಳಿಸುವುದು.

ಸಂಪರ್ಕಿಸಬೇಕಾದ ಕಚೇರಿಗಳು

ನಿಧಿ ದೊರೆತ ಮಾಹಿತಿಯನ್ನು ಕೆಂಪೇಗೌಡ ರಸ್ತೆಯಲ್ಲಿರುವ ಬೆಂಗಳೂರು ನಗರ ಜಿಲ್ಲಾಧಿಕಾರಿಗಳ ಕಚೇರಿಗೆ ಸಲ್ಲಿಸತಕ್ಕದ್ದು. 2025ರ ಸೆಪ್ಟೆಂಬರ್‌ನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಬದಲಿಗೆ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದಿದ್ದರೂ ಈ ವಿಷಯದಲ್ಲಿ ಬದಲಾವಣೆ ಇಲ್ಲ. ನಿಧಿಯ ವಿಚಾರಣೆ ಕಂದಾಯ ಆಡಳಿತಕ್ಕೆ ಸೇರಿದ್ದು, ಪಾಲಿಕೆಯ ಕಚೇರಿಗೆ ಕೊಟ್ಟ ಅರ್ಜಿ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗಿ ತಡವಾಗುತ್ತದೆ. ನಾಣ್ಯದ ಕಾಲ ಮತ್ತು ಸ್ವರೂಪದ ಬಗ್ಗೆ ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯನ್ನು ಸಂಪರ್ಕಿಸಬಹುದು, ಇದರ ಆಯುಕ್ತರ ಕಚೇರಿ ಮೈಸೂರಿನಲ್ಲಿದೆ. ಕೇಂದ್ರ ಸಂರಕ್ಷಿತ ಸ್ಮಾರಕ, ಪುರಾತನ ವಸ್ತುಗಳ ಪರವಾನಗಿ ಹಾಗೂ ಪ್ರಮಾಣಪತ್ರದ ವಿಷಯಗಳಿಗೆ ಕೋರಮಂಗಲದ ಕೇಂದ್ರೀಯ ಸದನದಲ್ಲಿರುವ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಬೆಂಗಳೂರು ವೃತ್ತ ಕಚೇರಿಯನ್ನು ವಿಚಾರಿಸುವುದು. ಕಚೇರಿಗೆ ಬರುವಾಗ ನಾಣ್ಯಗಳನ್ನು ಜೇಬಿನಲ್ಲಿ ಹಾಕಿಕೊಂಡು ಬರಬೇಕಾಗಿಲ್ಲ, ಛಾಯಾಚಿತ್ರ ಮತ್ತು ಪತ್ರದ ಎರಡು ಪ್ರತಿಗಳು ಮೊದಲ ಭೇಟಿಗೆ ಸಾಕು.